ಹೆದ್ದಾರಿಗೂ ದಾರಿ, ನೀರಿಗೂ ದಾರಿ: ರಸ್ತೆ ವಿನ್ಯಾಸದಲ್ಲಿ ಗ್ರಾಮ ಪಂಚಾಯಿತಿಯ ಪಾತ್ರ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಹಾಸನ ಜಿಲ್ಲೆಯ ನೆಲದ ಚೆಲುವನ್ನು ರೂಪಿಸಿರುವುದು ನೀರು. ಸಕಲೇಶಪುರದ ಪಶ್ಚಿಮದ ಅಂಚಿನಲ್ಲಿ ವರ್ಷಕ್ಕೆ 2000 ಮಿ.ಮೀ. ಮೀರಿ ಸುರಿಯುವ ಮಳೆ, ಚನ್ನರಾಯಪಟ್ಟಣಕ್ಕೆ ಬರುವಷ್ಟರಲ್ಲಿ 700 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಪಶ್ಚಿಮದಲ್ಲಿ ಹೆಚ್ಚಾದ ನೀರನ್ನು ಹರಿಯಗೊಡುವುದು, ಪೂರ್ವದಲ್ಲಿ ಕಡಿಮೆಯಾದ ನೀರನ್ನು ಹಿಡಿದಿಡುವುದು ಇಲ್ಲಿನ ಜನಜೀವನದ ಹಳೆಯ ಕೆಲಸ. ಚನ್ನರಾಯಪಟ್ಟಣದ ಕಡೆ ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಕೆರೆಗಳ ಸರಣಿ, ಹೊಳೆನರಸೀಪುರದ ಬಳಿ ಹೇಮಾವತಿಗೆ ಕಟ್ಟಿದ ಶ್ರೀರಾಮದೇವರ ಅಣೆಕಟ್ಟೆಯ ನಾಲೆಗಳು, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಬಳಿಯ ಕಟ್ಟೇಪುರದ ಕಟ್ಟೆ, ಗೊರೂರಿನ ಜಲಾಶಯ ಮತ್ತು ಅದರ ಎಡ-ಬಲದಂಡೆ ಕಾಲುವೆಗಳು ಎಲ್ಲವೂ ಈ ಕೆಲಸದ ಫಲಗಳೇ. ದಾರಿಹೋಕರು ಕಾರಿನ ಕಿಟಕಿಯಿಂದ ನೋಡಿ ಸೊಬಗು ಎಂದು ಕರೆಯುವುದು ಊರಿನವರ ಪಾಲಿಗೆ ನೀರಾವರಿ ವ್ಯವಸ್ಥೆ. ಆದ್ದರಿಂದ ಸುಂದರವಾದ ನಾಡಿನ ನಡುವೆ ಹೆದ್ದಾರಿಯನ್ನು ಹಾಯಿಸುವಾಗ ಪರಿಸರ ಕಾಳಜಿ ಎಂಬುದು ನಮ್ಮ ಜಿಲ್ಲೆಯ ಮಟ್ಟಿಗೆ ಮೊದಲಿಗೆ ನೀರಿನ ಪ್ರಶ್ನೆ, ಆಮೇಲೆ ಉಳಿದದ್ದು.

ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಚನ್ನರಾಯಪಟ್ಟಣ, ಹಾಸನಗಳ ಮೂಲಕ ಹಾದು ಸಕಲೇಶಪುರದ ಘಟ್ಟ ಇಳಿಯುತ್ತದೆ. ರಾಷ್ಟ್ರೀಯ ಹೆದ್ದಾರಿ 373 ಬೇಲೂರು, ಹಾಸನ, ಹೊಳೆನರಸೀಪುರಗಳನ್ನು ಜೋಡಿಸುತ್ತದೆ. ಇವುಗಳ ಜೊತೆಗೆ ರಾಜ್ಯ ಹೆದ್ದಾರಿಗಳೂ ಜಿಲ್ಲಾ ಮುಖ್ಯ ರಸ್ತೆಗಳೂ ಇವೆ. ಅಗಲೀಕರಣ, ಬೈಪಾಸ್, ತಿರುವು ನೇರಗೊಳಿಸುವ ಕಾಮಗಾರಿಗಳು ಒಂದಲ್ಲ ಒಂದು ಕಡೆ ನಡೆಯುತ್ತಲೇ ಇರುತ್ತವೆ. ಹೆದ್ದಾರಿ ಪಂಚಾಯಿತಿಯ ಆಸ್ತಿಯಲ್ಲ, ಅದರ ವಿನ್ಯಾಸ ಪಂಚಾಯಿತಿಯ ಕೆಲಸವಲ್ಲ ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ಕಾನೂನಿನ ಮಟ್ಟಿಗೆ ಅದು ನಿಜ. ಆದರೆ ರಸ್ತೆ ಮುಗಿದ ಮೇಲೆ ಗದ್ದೆಗೆ ನೀರು ನಿಂತಿತು, ಕೆರೆ ತುಂಬಲಿಲ್ಲ, ಚರಂಡಿಯ ನೀರು ಹಟ್ಟಿಗೆ ನುಗ್ಗಿತು ಎಂಬ ಅರ್ಜಿಗಳು ಬರುವುದು ಹೆದ್ದಾರಿ ಕಚೇರಿಗಲ್ಲ, ಪಂಚಾಯಿತಿ ಕಚೇರಿಗೆ.

ಘಟ್ಟದ ಪಾಠ

ಹಾಸನದಿಂದ ಮಾರನಹಳ್ಳಿಯವರೆಗಿನ ಸುಮಾರು 45 ಕಿ.ಮೀ. ಹೆದ್ದಾರಿಯನ್ನು ಚತುಷ್ಪಥಗೊಳಿಸುವ ಕಾಮಗಾರಿ ಈ ಜಿಲ್ಲೆಯವರಿಗೆ ಅತ್ಯಂತ ಹತ್ತಿರದ ಉದಾಹರಣೆ. 2021ರ ಜುಲೈನಲ್ಲಿ ದೋಣಿಗಾಲ್ ಬಳಿ ರಸ್ತೆಯೇ ಕುಸಿಯಿತು. 2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಮತ್ತೆ ಮತ್ತೆ ಜಾರಿ, ಬೆಂಗಳೂರು–ಮಂಗಳೂರು ನಡುವಣ ಸಂಚಾರ ಹಲವು ಬಾರಿ ನಿಂತಿತು. ಆ ಆಗಸ್ಟ್‌ನಲ್ಲಿ ಸ್ಥಳಕ್ಕೆ ಬಂದ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಗುಡ್ಡವನ್ನು 90 ಡಿಗ್ರಿಯಲ್ಲಿ ನೆಟ್ಟಗೆ ಕಡಿದಿರುವುದನ್ನು ಆಕ್ಷೇಪಿಸಿದರು. ಅದೇ ತಿಂಗಳುಗಳಲ್ಲಿ, 2024ರ ಜುಲೈ 16ರಂದು, ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಹಾನಿಯಾದುದು ಎಲ್ಲರ ನೆನಪಿನಲ್ಲಿದೆ.

ಗುಡ್ಡವನ್ನು ನೆಟ್ಟಗೆ ಏಕೆ ಕಡಿಯುತ್ತಾರೆ? ಉತ್ತರ ಬಹುಮಟ್ಟಿಗೆ ಭೂಮಿಯ ಲೆಕ್ಕದಲ್ಲಿದೆ. 20 ಮೀಟರ್ ಎತ್ತರದ ಗುಡ್ಡವನ್ನು ನೆಟ್ಟಗೆ ಕಡಿದರೆ ರಸ್ತೆಯ ಅಂಚಿನಾಚೆಗೆ ಒಂದಡಿ ಜಮೀನೂ ಬೇಕಾಗುವುದಿಲ್ಲ. ಅದನ್ನೇ 45 ಡಿಗ್ರಿಯ ಇಳಿಜಾರಾಗಿ ಕಡಿದರೆ ನೆತ್ತಿಯಲ್ಲಿ ಇನ್ನೂ 20 ಮೀಟರ್ ಅಗಲದ ಜಮೀನು ಬೇಕು. ಒಂದು ಕಿಲೋಮೀಟರ್ ಉದ್ದಕ್ಕೆ ಇದು 2 ಹೆಕ್ಟೇರ್, ಅಂದರೆ ಸುಮಾರು 5 ಎಕರೆ. ಅದೂ ಒಂದೇ ಬದಿಗೆ. ಆ 5 ಎಕರೆ ಯಾರದೋ ಕಾಫಿ ತೋಟವಾಗಿರುತ್ತದೆ, ಇಲ್ಲವೇ ಅರಣ್ಯವಾಗಿರುತ್ತದೆ. ಸ್ವಾಧೀನ ತಡವಾಗುತ್ತದೆ, ವೆಚ್ಚ ಏರುತ್ತದೆ, ವಿರೋಧ ಬರುತ್ತದೆ. ಇಳಿಜಾರು ಕಡಿದಾಗುತ್ತ ಹೋಗುತ್ತದೆ.

ಇಲ್ಲಿ ಸದಸ್ಯರು ಒಂದು ಅಹಿತಕರ ಸಂಗತಿಯನ್ನು ಎದುರಿಸಬೇಕು. ಒಂದು ಗುಂಟೆಯನ್ನೂ ಹೆಚ್ಚಿಗೆ ಬಿಡಬಾರದು ಎಂದು ಗ್ರಾಮಸಭೆಯಲ್ಲಿ ಒತ್ತಾಯ ಬಂದಾಗ ಅದಕ್ಕೆ ದನಿಗೂಡಿಸುವುದು ಸುಲಭ, ಜನಪ್ರಿಯವೂ ಹೌದು. ಆದರೆ ಗುಡ್ಡದ ಪಕ್ಕದಲ್ಲಿ ಆ ಬೇಡಿಕೆಯ ಅರ್ಥ ನೆಟ್ಟಗೆ ಕಡಿಯಿರಿ ಎಂದೇ ಆಗಬಹುದು. ಉಳಿಸಿಕೊಂಡ ಜಮೀನು ಮೂರು ಮಳೆಗಾಲದ ನಂತರ ಗುಡ್ಡದ ಜೊತೆಯಲ್ಲೇ ಜಾರಿಹೋದರೆ ಪರಿಹಾರವೂ ಇಲ್ಲ, ಜಮೀನೂ ಇಲ್ಲ. ನ್ಯಾಯವಾದ ಪರಿಹಾರಕ್ಕೆ ಹೋರಾಡುವುದು ಒಂದು. ಬೇಕಾದಷ್ಟು ಅಗಲವನ್ನೇ ನಿರಾಕರಿಸುವುದು ಇನ್ನೊಂದು. ಇವೆರಡನ್ನು ಬೇರೆಬೇರೆಯಾಗಿ ನೋಡುವುದು ಅಗತ್ಯ.

ಘಟ್ಟದ ಮಣ್ಣು ಬಂಡೆಯಲ್ಲ. ಕಲ್ಲು ಬಹು ದೀರ್ಘಕಾಲದಿಂದ ಮಳೆಗೆ ಕೊಳೆತು ಆದ ಆಳವಾದ ಕೆಮ್ಮಣ್ಣು. ಒಣಗಿದಾಗ ಗೋಡೆಯಂತೆ ನಿಲ್ಲುತ್ತದೆ. ನೀರು ತುಂಬಿದಾಗ ಭಾರ ಹೆಚ್ಚುತ್ತದೆ, ಕಣಗಳ ಹಿಡಿತ ಸಡಿಲವಾಗುತ್ತದೆ. ಬೇಸಿಗೆಯಲ್ಲಿ ಕಡಿದ ಗುಡ್ಡ ಆಷಾಢದಲ್ಲಿ ಜಾರುವುದು ಇದರಿಂದ. ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ನೆತ್ತಿಯ ಮೇಲೆಯೇ ಚರಂಡಿ ತೆಗೆದು ನೀರು ಕಡಿತದೊಳಗೆ ಇಳಿಯದಂತೆ ತಡೆಯುವುದು, ತಡೆಗೋಡೆಗೆ ನೀರು ಜಿನುಗಿಹೋಗುವ ರಂಧ್ರಗಳನ್ನು ಬಿಡುವುದು, ಲಾವಂಚದಂತಹ ಆಳ ಬೇರಿನ ಹುಲ್ಲು ನಾಟಿ ಮಾಡುವುದು ಇವೆಲ್ಲ ತಿಳಿಯದ ವಿದ್ಯೆಗಳಲ್ಲ. ಮಳೆಗಾಲಕ್ಕೆ ಮುಂಚೆ ಮಾಡಬೇಕಾದುದನ್ನು ಕುಸಿತದ ನಂತರ ಮಾಡುವುದರಲ್ಲಿಯೇ ತೊಂದರೆ. ಅರಕಲಗೂಡು ತಾಲ್ಲೂಕು ಕೊಡಗಿನ ಗಡಿಗೆ ತಾಗಿಕೊಂಡಿರುವುದರಿಂದ ಆ ಭಾಗದ ಪಂಚಾಯಿತಿಗಳಿಗೆ ಇದು ದೂರದ ಸುದ್ದಿಯಲ್ಲ.

ಬಯಲಿನಲ್ಲಿ ಕುಸಿತ ಕಾಣುವುದಿಲ್ಲ

ಬಯಲು ಸೀಮೆಯಲ್ಲಿ ಹೆದ್ದಾರಿಯ ಹಾನಿ ಸದ್ದಿಲ್ಲದೆ ಆಗುತ್ತದೆ. ಹಳೆಯ ರಸ್ತೆ ನೆಲದ ಮಟ್ಟದಲ್ಲಿಯೇ ಇತ್ತು. ದೊಡ್ಡ ಮಳೆ ಬಂದಾಗ ಮೋರಿಯಲ್ಲಿ ಹಿಡಿಯದ ನೀರು ರಸ್ತೆಯ ಮೇಲೆಯೇ ಹರಿದು ಆಚೆ ಬದಿಯ ಕೆರೆಗೆ ಸೇರುತ್ತಿತ್ತು. ಒಂದೆರಡು ಗಂಟೆ ಬಸ್ಸು ನಿಲ್ಲುತ್ತಿತ್ತು, ಅಷ್ಟೆ. ಹೊಸ ಹೆದ್ದಾರಿಯನ್ನು ಎತ್ತರದ ಮಣ್ಣಿನ ದಿಬ್ಬದ ಮೇಲೆ ಕಟ್ಟುತ್ತಾರೆ. ಈಗ ಪ್ರತಿ ಹನಿಯೂ ಮೋರಿಯ ಮೂಲಕವೇ ದಾಟಬೇಕು. ಹಳೆಯ ಮೋರಿ ಇಷ್ಟು ವರ್ಷ ಸಾಕಾಗಿತ್ತು, ಅದೇ ಅಳತೆಯದನ್ನು ಉದ್ದಮಾಡಿದರೆ ಸಾಕು ಎಂಬ ವಾದ ತಪ್ಪಾಗುವುದು ಇಲ್ಲಿ. ಹಳೆಯದು ಎಂದೂ ಒಂದೇ ಸಾಕಾಗಿರಲಿಲ್ಲ. ರಸ್ತೆಯ ಬೆನ್ನೂ ಅದಕ್ಕೆ ಜೊತೆಗಿತ್ತು.

ಒಂದು ಸರಳ ಲೆಕ್ಕವನ್ನು ಸದಸ್ಯರು ತಾವೇ ಮಾಡಿ ನೋಡಬಹುದು. ಒಂದು ಹಳ್ಳಕ್ಕೆ ನೀರು ಇಳಿದುಬರುವ ಜಾಗ 500 ಎಕರೆ, ಅಂದರೆ ಸುಮಾರು 200 ಹೆಕ್ಟೇರ್ ಎಂದಿಟ್ಟುಕೊಳ್ಳೋಣ. ಗಂಟೆಗೆ 50 ಮಿ.ಮೀ.ನಷ್ಟು ಜೋರುಮಳೆ ಸುರಿದು ಅದರಲ್ಲಿ ಅರ್ಧ ಹರಿದು ಬಂತೆಂದರೆ, ಒಂದು ಗಂಟೆಯಲ್ಲಿ ಬರುವ ನೀರು 50,000 ಘನ ಮೀಟರ್; ಸೆಕೆಂಡಿಗೆ ಸುಮಾರು 14 ಘನ ಮೀಟರ್. ಒಂದು ಮೀಟರ್ ವ್ಯಾಸದ ಸಿಮೆಂಟ್ ಕೊಳವೆ ತುಂಬಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹರಿದರೂ ದಾಟಿಸುವುದು ಸುಮಾರು 1.6 ಘನ ಮೀಟರ್ ಮಾತ್ರ. ಅಂದರೆ ಅಂಥ ಒಂಬತ್ತು ಕೊಳವೆಗಳು ಬೇಕು, ಇಲ್ಲವೇ 3 ಮೀಟರ್ ಅಗಲ, 2 ಮೀಟರ್‌ಗೂ ಹೆಚ್ಚು ಎತ್ತರದ ಪೆಟ್ಟಿಗೆ ಮೋರಿ ಬೇಕು. ಇದು ವಿನ್ಯಾಸವಲ್ಲ, ಅಂದಾಜು ಮಾತ್ರ. ನಿಜವಾದ ವಿನ್ಯಾಸಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ ಸಣ್ಣ ಸೇತುವೆ ಮತ್ತು ಮೋರಿಗಳಿಗೆಂದೇ ಮಾರ್ಗಸೂಚಿ ಹೊರಡಿಸಿದೆ, ಅದರ ಸಂಖ್ಯೆ ಐಆರ್‌ಸಿ ಎಸ್‌ಪಿ 13. ಆದರೆ ನಕ್ಷೆಯಲ್ಲಿ ಅಂಥ ಹಳ್ಳಕ್ಕೆ ಒಂದೇ ಕೊಳವೆ ತೋರಿಸಿದ್ದರೆ, ಇದರ ಜಲಾನಯನ ಎಷ್ಟು ಎಕರೆ ಎಂದು ಹಿಡಿದಿದ್ದೀರಿ ಎಂಬ ಪ್ರಶ್ನೆಯನ್ನು ಕೇಳಲು ಎಂಜಿನಿಯರಿಂಗ್ ಪದವಿ ಬೇಕಾಗಿಲ್ಲ.

ಮೋರಿ ಚಿಕ್ಕದಾದಾಗ ಹೆದ್ದಾರಿ ಯಾರೂ ಕಟ್ಟಲು ಹೇಳದ ಕೆರೆ ಏರಿಯಾಗುತ್ತದೆ. ಮೇಲಿನ ಬದಿಯಲ್ಲಿ ನೀರು ನಿಂತು ಬೆಳೆ ಕೊಳೆಯುತ್ತದೆ. ಹಾಸನದ ಕಡೆಯ ಆಲೂಗಡ್ಡೆ ಬೆಳೆಗಾರರಿಗೆ ಹೊಲದಲ್ಲಿ ಎರಡು ದಿನ ನೀರು ನಿಂತರೆ ಏನಾಗುತ್ತದೆಂಬುದನ್ನು ಹೇಳಬೇಕಾಗಿಲ್ಲ. ಕೆಳಗಿನ ಬದಿಯ ಕೆರೆ ತುಂಬುವುದಿಲ್ಲ. ಅದು ತುಂಬದಿದ್ದರೆ ಕೋಡಿ ಬೀಳುವುದಿಲ್ಲ. ಅದರ ಕೆಳಗಿನ ಕೆರೆಯೂ ಬರಿದು. ಹಾನಿ ಒಂದು ಪಂಚಾಯಿತಿಯ ಗಡಿಯಲ್ಲಿ ಆಗಿ, ಅದರ ಪರಿಣಾಮ ಮೂರನೆಯ ಪಂಚಾಯಿತಿಯಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಆಗ ಕಾರಣವನ್ನು ಗುರುತಿಸುವವರೇ ಇರುವುದಿಲ್ಲ. ಆದುದರಿಂದ ಒಂದೇ ಸರಣಿಯ ಕೆರೆಗಳುಳ್ಳ ಪಂಚಾಯಿತಿಗಳು ಸೇರಿ ಒಂದೇ ಮನವಿ ಸಲ್ಲಿಸುವುದು ಲೇಸು.

ಕಾಲುವೆ ಪ್ರದೇಶದಲ್ಲಿ ಇನ್ನೊಂದು ಸೂಕ್ಷ್ಮವಿದೆ. ದೊಡ್ಡ ಕಾಲುವೆಗಳು ಎಲ್ಲ ನಕ್ಷೆಗಳಲ್ಲೂ ಇರುತ್ತವೆ, ಅವುಗಳಿಗೆ ಸೇತುವೆಯೂ ಆಗುತ್ತದೆ. ಗದ್ದೆಯಿಂದ ಗದ್ದೆಗೆ ನೀರು ಒಯ್ಯುವ ಕಿರುಗಾಲುವೆಗಳು, ಬಸಿಗಾಲುವೆಗಳು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಸಮೀಕ್ಷೆ ಬೇಸಿಗೆಯಲ್ಲಿ ನಡೆದರೆ ಅವು ಬರಿಯ ಕುಳಿಗಳಂತೆ ಕಾಣುತ್ತವೆ. ಯಾವ ತೂಬಿನ ನೀರು ಯಾವ ಗದ್ದೆಗೆ ಯಾವ ದಾರಿಯಲ್ಲಿ ಹೋಗುತ್ತದೆಂಬುದು ನೀರುಗಂಟಿಗೆ ಗೊತ್ತು, ಅಚ್ಚುಕಟ್ಟಿನ ಹಿರಿಯರಿಗೆ ಗೊತ್ತು. ಈ ತಿಳಿವಳಿಕೆಯನ್ನು ಕಾಗದಕ್ಕೆ ಇಳಿಸಿಕೊಡುವ ಸಂಸ್ಥೆ ಪಂಚಾಯಿತಿಯಲ್ಲದೆ ಬೇರೆ ಯಾವುದೂ ಇಲ್ಲ.

ಅಗ್ಗದ ಜಮೀನಿನ ಕಡೆಗೆ ವಾಲುವ ಪಥ

ಬೈಪಾಸ್‌ಗಳ ನಕ್ಷೆಯನ್ನು ನೋಡುವಾಗ ಅದರ ಪಥ ಎಲ್ಲೆಲ್ಲಿ ಸರ್ಕಾರಿ ಜಮೀನಿನ ಮೇಲೆ ಹೋಗುತ್ತದೆಂಬುದನ್ನು ಗಮನಿಸತಕ್ಕದ್ದು. ಖಾಸಗಿ ಜಮೀನಿಗೆ ಪರಿಹಾರ ಕೊಡಬೇಕು. ಗೋಮಾಳ, ಬಿ ಖರಾಬು ಹಳ್ಳ, ಕೆರೆಯಂಗಳಕ್ಕೆ ಹಾಗಿಲ್ಲ. ಯಾರ ದುರುದ್ದೇಶವೂ ಇಲ್ಲದೆ, ಕೇವಲ ವೆಚ್ಚದ ಸೆಳೆತದಿಂದಲೇ ರೇಖೆ ಕೆರೆಯ ಕಡೆಗೆ ವಾಲುತ್ತದೆ. ಕೆರೆಯಂಗಳದ ಒಂದು ಮೂಲೆ ಮಾತ್ರ ಎಂದು ಹೇಳಲಾಗುತ್ತದೆ. ಆ ಮೂಲೆ ನೀರು ಒಳಬರುವ ಬಾಯಿಯಾಗಿದ್ದರೆ ಕೆರೆ ಪೂರ್ತಿ ಹೋದಂತೆಯೇ ಸರಿ.

ದೃಶ್ಯದ ಬೆಲೆಯನ್ನೂ ಇಲ್ಲಿ ಹೇಳಬೇಕು. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯ ಅರ್ಧ ಚೆಲುವು ಅದರ ಪಕ್ಕದ ಕೆರೆಯಲ್ಲಿದೆ. ಶ್ರವಣಬೆಳಗೊಳದ ವಿಂಧ್ಯಗಿರಿಯ ಬಂಡೆ ಬಯಲಿನ ದಾರಿಯಲ್ಲಿ ದೂರದಿಂದಲೇ ಕಾಣುವುದು ಆ ಕ್ಷೇತ್ರದ ಅನುಭವದ ಭಾಗ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 2010ರ ತಿದ್ದುಪಡಿಯಿಂದ ಕೇಂದ್ರ ಕಾನೂನು ಹೇಳುತ್ತದೆ. ಅದರಾಚೆಯ ನೋಟವನ್ನು ಕಾಯುವ ಕಾನೂನು ಕಡಿಮೆ. ನೆಲದ ಏರಿಳಿತವನ್ನು ಅನುಸರಿಸಿ ಹದವಾಗಿ ಬಾಗುವ ರಸ್ತೆ ಮಣ್ಣಿನ ಕೆಲಸವನ್ನೂ ಉಳಿಸುತ್ತದೆ, ನೋಟವನ್ನೂ ಉಳಿಸುತ್ತದೆ. ಗುಡ್ಡ ಕಡಿದು, ಕೊಳ್ಳ ತುಂಬಿ ನೇರಗೊಳಿಸಿದ ರಸ್ತೆ ಎರಡನ್ನೂ ಕಳೆಯುತ್ತದೆ. ವೇಗದ ಅವಶ್ಯಕತೆ ಇರುವ ಕಡೆ ನೇರ ರಸ್ತೆ ಬೇಕೇ ಬೇಕು. ಎಲ್ಲ ರಸ್ತೆಗೂ ಆ ವೇಗ ಬೇಕೇ ಎಂಬುದು ಕೇಳತಕ್ಕ ಪ್ರಶ್ನೆ.

ಸಾಲುಮರಗಳ ವಿಷಯದಲ್ಲಿ ಎಷ್ಟು ಮರ ಹೋಗುತ್ತದೆ ಎಂಬುದಕ್ಕಿಂತ ಯಾವ ಬದಿಗೆ ಅಗಲೀಕರಣ ಎಂಬುದು ಮುಖ್ಯ. ಮಧ್ಯರೇಖೆಯಿಂದ ಎರಡೂ ಬದಿಗೆ ಸಮವಾಗಿ ಹಿಗ್ಗಿಸಿದರೆ ಎರಡು ಸಾಲೂ ಹೋಗುತ್ತವೆ. ಒಂದೇ ಬದಿಗೆ ಹಿಗ್ಗಿಸಿದರೆ ಒಂದು ಸಾಲು ಉಳಿಯುತ್ತದೆ. ಮಾಗಡಿ ತಾಲ್ಲೂಕಿನಲ್ಲಿ ಸಾಲುಮರದ ತಿಮ್ಮಕ್ಕ ದಂಪತಿ ಬೆಳೆಸಿದ ಆಲದ ಮರಗಳಿಗೆ 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣದಿಂದ ಕುತ್ತು ಬಂದಾಗ, ಸರ್ಕಾರ ಪರ್ಯಾಯ ದಾರಿ ಹುಡುಕಲು ಒಪ್ಪಿದುದು ನಾಡಿಗೆಲ್ಲ ತಿಳಿದ ಸಂಗತಿ. ಹೆಸರಿಲ್ಲದ ಮರಗಳಿಗೆ ಅಂಥ ರಕ್ಷಣೆ ತಾನಾಗಿ ಬರುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ವೃಕ್ಷಾಧಿಕಾರಿ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಬೇಕು. ಆ ಪ್ರಕಟಣೆಯನ್ನು ಪಂಚಾಯಿತಿ ತನ್ನ ಸೂಚನಾ ಫಲಕದಲ್ಲಿ ಹಾಕಿದರೆ ಮಾತ್ರ ಊರಿಗೆ ತಿಳಿಯುತ್ತದೆ.

ದಿಬ್ಬಕ್ಕೆ ಬೇಕಾದ ಮಣ್ಣು ಎಲ್ಲಿಂದ ಬರುತ್ತದೆ ಎಂಬುದನ್ನೂ ಮೊದಲೇ ಮಾತನಾಡಿಕೊಳ್ಳಬೇಕು. 2022ರಲ್ಲಿ ಆರಂಭವಾದ ಅಮೃತ ಸರೋವರ ಯೋಜನೆಯಲ್ಲಿ ಕೆರೆಗಳಿಂದ ತೆಗೆದ ಮಣ್ಣನ್ನು ರಸ್ತೆ ಕಾಮಗಾರಿಗೆ ಬಳಸಲು ಅವಕಾಶವಿದೆ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ ಹೆದ್ದಾರಿಗೆ ಮಣ್ಣು, ಕೆರೆಗೆ ಆಳ ಎಂಬ ಈ ಕ್ರಮ ಮೊದಲೇ ನಡೆದಿತ್ತು. ಎಚ್ಚರಿಕೆ ಇಷ್ಟೇ: ಮೇಲಿನ ಹೂಳು ದಿಬ್ಬಕ್ಕೆ ಯೋಗ್ಯವಲ್ಲ, ಅದು ಹೊಲಕ್ಕೆ ಹೋಗಬೇಕು. ಗುತ್ತಿಗೆದಾರರಿಗೆ ಬೇಕಾದದ್ದು ಅದರಡಿಯ ಗರಸು. ಹೂಳನ್ನು ಬದಿಗೊತ್ತಿ ಒಂದೇ ಕಡೆ ಆಳದ ಗುಂಡಿ ತೋಡಿದರೆ ದನಕರುಗಳಿಗೂ ಈಜಲಿಳಿಯುವ ಮಕ್ಕಳಿಗೂ ಅಪಾಯ. ಏರಿಯ ಬುಡದಿಂದ ಎಷ್ಟು ದೂರ, ಎಷ್ಟು ಆಳ ಎಂಬುದು ಅನುಮತಿಯಲ್ಲಿಯೇ ಬರೆದಿರಲಿ.

ಹೇಳಬೇಕಾದ ಕಾಲ

2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ, ಅಲ್ಲಿ ಮಾತನಾಡಿದರಾಯಿತು ಎಂದು ಅನೇಕರು ಭಾವಿಸಿದ್ದಾರೆ. 2013ರ ತಿದ್ದುಪಡಿಯ ನಂತರ, ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆ 100 ಕಿ.ಮೀ. ಮೀರಿ, ಹೆಚ್ಚುವರಿ ಜಮೀನಿನ ಅಗಲವೂ ಹಾಲಿ ಪಥದಲ್ಲಿ 40 ಮೀಟರ್, ಹೊಸ ಪಥ ಅಥವಾ ಬೈಪಾಸ್‌ನಲ್ಲಿ 60 ಮೀಟರ್ ಮೀರಿದರೆ ಮಾತ್ರ ಪರಿಸರ ಅನುಮತಿ ಬೇಕು. ಜಿಲ್ಲೆಯೊಳಗಿನ ಬಹುಪಾಲು ಅಗಲೀಕರಣಗಳು ಈ ಅಳತೆಗೆ ಬರುವುದಿಲ್ಲ. ಅಹವಾಲು ಸಭೆಗೆ ಕಾಯುತ್ತ ಕುಳಿತವರಿಗೆ ಸಭೆಯೇ ಇರುವುದಿಲ್ಲ.

ಉಳಿಯುವುದು 1956ರ ರಾಷ್ಟ್ರೀಯ ಹೆದ್ದಾರಿಗಳ ಅಧಿನಿಯಮ. ಅದರ 3ಎ ಪ್ರಕರಣದಡಿ ಸ್ವಾಧೀನದ ಉದ್ದೇಶವನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, ಅದರ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಹಾಕಲಾಗುತ್ತದೆ. ಒಂದು ಪತ್ರಿಕೆ ಕನ್ನಡದ್ದಾಗಿರಬೇಕು. 3ಸಿ ಪ್ರಕಾರ ಪ್ರಕಟಣೆಯ ದಿನದಿಂದ 21 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು; ಸಕ್ಷಮ ಪ್ರಾಧಿಕಾರ ಆಕ್ಷೇಪಿಸಿದವರನ್ನು ಖುದ್ದು ಕೇಳಬೇಕು. 3ಡಿ ಘೋಷಣೆ ಹೊರಬಿದ್ದ ಮೇಲೆ ಜಮೀನು ಕೇಂದ್ರ ಸರ್ಕಾರದಲ್ಲಿ ನಿಹಿತವಾಗುತ್ತದೆ.

ಈ 21 ದಿನಗಳಲ್ಲಿ ಒಂದು ತೊಡಕಿದೆ. ಆಕ್ಷೇಪಣೆಯ ಹಕ್ಕು ಆ ಜಮೀನಿನಲ್ಲಿ ಹಿತಾಸಕ್ತಿ ಉಳ್ಳವರಿಗೆ ಮಾತ್ರ. ಯಾರ ಸರ್ವೆ ನಂಬರ್ ಪಟ್ಟಿಯಲ್ಲಿದೆಯೋ ಅವರು ಆಕ್ಷೇಪಿಸಬಹುದು. ಹೆದ್ದಾರಿಯಿಂದ ಒಂದು ಮೈಲಿ ಕೆಳಗೆ, ಕೆರೆಯ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುವ ರೈತನ ನಂಬರ್ ಪಟ್ಟಿಯಲ್ಲಿರುವುದಿಲ್ಲ. ನೀರು ಹೋಗುವುದು ಅವನದು. ಕೇಳಿಸಿಕೊಳ್ಳುವ ಕಚೇರಿ ಅವನಿಗಿಲ್ಲ. ಅವನ ಪರವಾಗಿ ಮಾತನಾಡಬಲ್ಲುದು ಪಂಚಾಯಿತಿಯ ನಿರ್ಣಯವೊಂದೇ. ಅದೂ 3ಎ ಪ್ರಕಟಣೆಗೆ ಮುಂಚೆ, ಸವಿವರ ಯೋಜನಾ ವರದಿ ತಯಾರಾಗುವ ಹಂತದಲ್ಲಿ. ಸಮೀಕ್ಷೆಯವರು ಊರಿಗೆ ಬಂದು ಕಲ್ಲು ನೆಡುವ ದಿನ, ಅಳತೆ ಯಂತ್ರವನ್ನು ರಸ್ತೆ ಬದಿಯಲ್ಲಿ ನಿಲ್ಲಿಸುವ ದಿನ ಪಂಚಾಯಿತಿಗೆ ಇರುವ ಅತ್ಯಂತ ಬೆಲೆಯುಳ್ಳ ದಿನ. ಆಗ ಒಂದು ಮೋರಿಯನ್ನು ಹತ್ತು ಮೀಟರ್ ಸರಿಸುವುದಕ್ಕೆ ಪೆನ್ಸಿಲ್ ಸಾಕು. ಗುತ್ತಿಗೆ ಆದ ಮೇಲೆ ಅದಕ್ಕೆ ಹೆಚ್ಚುವರಿ ಅಂದಾಜು, ಮಂಜೂರಾತಿ, ಕೆಲವೊಮ್ಮೆ ನ್ಯಾಯಾಲಯ ಬೇಕಾಗುತ್ತದೆ.

ಪಂಚಾಯಿತಿಯ ಕೈಯಲ್ಲೇ ಇರುವ ಸಂಗತಿಗಳೂ ಉಂಟು, ಅವುಗಳ ಬಗ್ಗೆ ದಾಕ್ಷಿಣ್ಯದಿಂದ ಮೌನ ವಹಿಸಲಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ಕ್ರಮದಂತೆ ಬಯಲಿನಲ್ಲಿ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಮಧ್ಯರೇಖೆಯಿಂದ 40 ಮೀಟರ್‌ವರೆಗೆ ಕಟ್ಟಡ ಇರಬಾರದು. ಹೆದ್ದಾರಿ ಬರುತ್ತದೆಂದು ತಿಳಿದ ಕೂಡಲೇ ಅಂಗಡಿ ಸಾಲು, ಡಾಬಾ, ಜಾಹೀರಾತು ಫಲಕಗಳಿಗೆ ಪರವಾನಗಿ ಕೇಳಿ ಅರ್ಜಿಗಳು ಬರುತ್ತವೆ. ರಸ್ತೆಯ ಚರಂಡಿಯನ್ನು ಮುಚ್ಚಿ ಅಂಗಡಿಗೆ ದಾರಿ ಮಾಡಿಕೊಂಡರೆ, ಲಕ್ಷಾಂತರ ರೂಪಾಯಿಯ ಮೋರಿಗೆ ನೀರೇ ತಲಪುವುದಿಲ್ಲ. ಕೆರೆ ಏರಿಯ ಮಗ್ಗುಲಲ್ಲಿ ಕೋಳಿ ಅಂಗಡಿಯ ತ್ಯಾಜ್ಯ ಸುರಿಯುವವರನ್ನು ಹೆದ್ದಾರಿ ಇಲಾಖೆ ಬಂದು ತಡೆಯಲಾರದು.

ಮುಂದಿನ ಸಭೆಗೆ ಮುಂಚೆ

ಹೆದ್ದಾರಿ ಹಾಯುವ ಅಥವಾ ಹಾಯಲಿರುವ ಪ್ರತಿ ಪಂಚಾಯಿತಿಯಲ್ಲಿ ಸದಸ್ಯರು ಗ್ರಾಮ ಆಡಳಿತಾಧಿಕಾರಿಯಿಂದ ಗ್ರಾಮ ನಕ್ಷೆಯ ಪ್ರತಿಯನ್ನು ಪಡೆದು, ನೀರುಗಂಟಿ ಹಾಗೂ ಇಬ್ಬರು ಹಿರಿಯ ಅಚ್ಚುಕಟ್ಟುದಾರರೊಡನೆ ರಸ್ತೆಯ ಉದ್ದಕ್ಕೂ ಒಮ್ಮೆ ನಡೆದು ಬರಬೇಕು. ನೀರು ರಸ್ತೆಯನ್ನು ದಾಟುವ ಪ್ರತಿ ಜಾಗವನ್ನು ನೀಲಿ ಬಣ್ಣದಲ್ಲಿ ಗುರುತಿಸಿ, ಹತ್ತಿರದ ಸರ್ವೆ ನಂಬರ್, ಮೇಲಿನ ಕೆರೆಯ ಹೆಸರು, ಕೆಳಗಿನ ಕೆರೆಯ ಹೆಸರು, ಇರುವ ಮೋರಿಯ ಅಳತೆ ಮತ್ತು ಹಿರಿಯರ ನೆನಪಿನಲ್ಲಿರುವ ಅತಿ ಎತ್ತರದ ನೀರಿನ ಮಟ್ಟವನ್ನು ಬರೆಯಬೇಕು. ಮಳೆಗಾಲದಲ್ಲಿ ಅದೇ ಜಾಗಗಳ ಛಾಯಾಚಿತ್ರವನ್ನು ದಿನಾಂಕ ಕಾಣುವಂತೆ ತೆಗೆದು ಸೇರಿಸಬೇಕು. ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿ ತಯಾರಾಗಿದ್ದರೆ ಅದರಿಂದ ಸಾಲುಮರ, ದೇವರಕಾಡು, ಆನೆ ದಾಟುವ ಜಾಗಗಳನ್ನೂ ನಕ್ಷೆಗೆ ತರಬಹುದು. ಈ ನಕ್ಷೆಯನ್ನು ಸಾಮಾನ್ಯ ಸಭೆಯಲ್ಲಿ ಮಂಡಿಸಿ, ನಡವಳಿ ಪುಸ್ತಕದಲ್ಲಿ ನಿರ್ಣಯವಾಗಿ ದಾಖಲಿಸಿ, ಪ್ರತಿಗಳನ್ನು ಹೆದ್ದಾರಿಯ ಯೋಜನಾ ಅನುಷ್ಠಾನ ಕಚೇರಿಗೆ, ಜಿಲ್ಲಾಧಿಕಾರಿಗಳಿಗೆ, ಸಣ್ಣ ನೀರಾವರಿ ಇಲಾಖೆಗೆ ಮತ್ತು ಜಿಲ್ಲಾ ಪಂಚಾಯಿತಿಗೆ ಸ್ವೀಕೃತಿ ಪಡೆದು ತಲಪಿಸತಕ್ಕದ್ದು. ಸ್ವೀಕೃತಿಯ ಮೇಲೆ ದಿನಾಂಕ ಮತ್ತು ಮೊಹರು ಇದೆಯೇ ಎಂದು ನೋಡಿಕೊಂಡೇ ಕಡತಕ್ಕೆ ಸೇರಿಸಬೇಕು.